ಚಳಿಗಾಲದ ಚಂಡಮಾರುತ: ಹೈದರಾಬಾದ್‌ನಿಂದ ಹೊರಡುವ ಕಡಲ ಎಚ್ಚರಿಕೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಹೈದರಾಬಾದ್: ಮಜಾಳಿಯಿಂದ ಉಳ್ಳಾಲದವರೆಗಿನ ಮೀನುಗಾರರ ಮೊಬೈಲ್‌ಗೆ ಬರುವ 'ಎತ್ತರದ ಅಲೆಗಳ ಎಚ್ಚರಿಕೆ' ಸಿದ್ಧವಾಗುವುದು ಮಂಗಳೂರಿನಲ್ಲೂ ಅಲ್ಲ, ಕಾರವಾರದಲ್ಲೂ ಅಲ್ಲ. ಅದು ಸಿದ್ಧವಾಗುವುದು ಕಡಲಿನಿಂದ 250 ಕಿ.ಮೀ.ಗೂ ಹೆಚ್ಚು ದೂರ ಇರುವ ಹೈದರಾಬಾದ್‌ನಲ್ಲಿ. ನಗರದ ಪ್ರಗತಿ ನಗರದಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಅಂದರೆ ಇನ್‌ಕಾಯಿಸ್, ದೇಶದ ಇಡೀ ಕರಾವಳಿಯ ಅಲೆ, ಪ್ರವಾಹ, ಸುನಾಮಿಗಳ ಮೇಲೆ ಹಗಲಿರುಳು ಕಣ್ಣಿಟ್ಟಿರುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿ ಈ ಕೇಂದ್ರಕ್ಕೆ ಬಿಡುವಿಲ್ಲದ ಕಾಲ. ಮುಂಗಾರು ಮುಗಿದು ಕಡಲು ಶಾಂತವಾಯಿತು ಎಂದು ಬೋಟ್‌ಗಳು ಆಳ ಸಮುದ್ರಕ್ಕೆ ಇಳಿಯುವುದು, ಶಾಲಾ ಪ್ರವಾಸದ ಬಸ್‌ಗಳು ಮುರುಡೇಶ್ವರ, ಗೋಕರ್ಣ, ಮಲ್ಪೆಯತ್ತ ಹೊರಡುವುದು, ಮಲೆನಾಡಿನಲ್ಲಿ ಕಾಫಿ ಕೊಯ್ಲು ಶುರುವಾಗುವುದು ಇದೇ ತಿಂಗಳುಗಳಲ್ಲಿ. ಬಂಗಾಳಕೊಲ್ಲಿಯಲ್ಲಿ ಚಂಡಮಾರುತಗಳು ಹುಟ್ಟುವುದೂ ಇದೇ ಹೊತ್ತಿಗೆ. ಹಾಗಾಗಿ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳು ಸುದ್ದಿಯಲ್ಲಿ ಬಂದಾಗ ಅವುಗಳ ನಿಜವಾದ ಅರ್ಥವೇನು, ಯಾವ ಎಚ್ಚರಿಕೆ ಯಾರಿಗೆ ಎಂಬುದನ್ನು ತಿಳಿದಿರುವುದು ಜೀವ ಉಳಿಸುವ ವಿಷಯ.

ಚಳಿಗಾಲದಲ್ಲೇ ಚಂಡಮಾರುತ ಏಕೆ?

ಭಾರತದ ಸುತ್ತಲಿನ ಕಡಲಿನಲ್ಲಿ ಚಂಡಮಾರುತಕ್ಕೆ ಎರಡು ಋತುಗಳಿವೆ. ಒಂದು ಮುಂಗಾರಿಗೆ ಮೊದಲು, ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ. ಇನ್ನೊಂದು ಮುಂಗಾರು ಹಿಂದೆ ಸರಿದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಡುವಿನ ಮಳೆಗಾಲದಲ್ಲಿ ಕಡಲು ಬಿಸಿಯಾಗಿದ್ದರೂ ಪೂರ್ಣ ಪ್ರಮಾಣದ ಚಂಡಮಾರುತ ಅಪರೂಪ. ಇದಕ್ಕೆ ಕಾರಣ ಗಾಳಿಯ ವರ್ತನೆ. ಮುಂಗಾರಿನಲ್ಲಿ ಕೆಳಮಟ್ಟದ ಗಾಳಿ ಪಶ್ಚಿಮದಿಂದ ಬೀಸಿದರೆ, ಮೇಲ್ಮಟ್ಟದ ಗಾಳಿ ಪೂರ್ವದಿಂದ ರಭಸವಾಗಿ ಬೀಸುತ್ತದೆ. ಮೋಡಗಳ ಗೋಪುರ ನೇರವಾಗಿ ಮೇಲೇಳುವ ಮೊದಲೇ ಈ ಎದುರುಬದುರು ಗಾಳಿ ಅದನ್ನು ಚದುರಿಸಿಬಿಡುತ್ತದೆ.

ಅಕ್ಟೋಬರ್ ಹೊತ್ತಿಗೆ ಆ ಸೆಳೆತ ತಗ್ಗುತ್ತದೆ. ಕಡಲ ಮೇಲ್ಮೈ ನೀರು ಚಂಡಮಾರುತಕ್ಕೆ ಬೇಕಾದ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗೇ ಇರುತ್ತದೆ. ಬಂಗಾಳಕೊಲ್ಲಿಯ ದಕ್ಷಿಣ ಭಾಗದಲ್ಲಿ ಅಥವಾ ಅಂಡಮಾನ್ ಕಡಲಿನಲ್ಲಿ ಹುಟ್ಟಿದ ಸಣ್ಣ ಸುಳಿ ಪಶ್ಚಿಮಕ್ಕೆ ಸರಿಯುತ್ತಾ ತೇವಾಂಶವನ್ನು ಹೀರಿ ಬಲಗೊಳ್ಳುತ್ತದೆ. ಹೀಗಾಗಿಯೇ ಹಿಂಗಾರಿನ ಕಾಲದಲ್ಲಿ ತಮಿಳುನಾಡು, ಆಂಧ್ರ, ಒಡಿಶಾ ತೀರಗಳು ಮೊದಲ ಹೊಡೆತ ತಿನ್ನುತ್ತವೆ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 5 ಮೀಟರ್ ಎತ್ತರಕ್ಕೆ ಕಡಲು ಉಕ್ಕಿ ಊರುಗಳೇ ಕೊಚ್ಚಿಹೋದವು. ಸುಮಾರು 10 ಸಾವಿರ ಜನ ಪ್ರಾಣ ಕಳೆದುಕೊಂಡರು.

ಹಳೆಯ ಲೆಕ್ಕದ ಪ್ರಕಾರ ಬಂಗಾಳಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಹುಟ್ಟಿದರೆ ಅರಬ್ಬಿ ಸಮುದ್ರದಲ್ಲಿ ಒಂದು ಹುಟ್ಟುತ್ತಿತ್ತು. ಈ ಲೆಕ್ಕ ಈಗ ಬದಲಾಗುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2001ರಿಂದ 2019ರ ನಡುವೆ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಏರಿದೆ, ಬಂಗಾಳಕೊಲ್ಲಿಯಲ್ಲಿ ಶೇ 8ರಷ್ಟು ಇಳಿದಿದೆ. 2019ರ ಒಂದೇ ವರ್ಷದಲ್ಲಿ ಅರಬ್ಬಿ ಸಮುದ್ರದಲ್ಲಿ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂಬ ಐದು ಚಂಡಮಾರುತಗಳೆದ್ದವು. ಇವುಗಳಲ್ಲಿ ಕ್ಯಾರ್ ಸೂಪರ್ ಚಂಡಮಾರುತದ ಮಟ್ಟಕ್ಕೆ ಏರಿತ್ತು. ಆಗ ಬೇರೆ ಬೇರೆ ರಾಜ್ಯಗಳ ಮೀನುಗಾರಿಕಾ ಬೋಟ್‌ಗಳು ಕಾರವಾರ ಬಂದರಿನಲ್ಲಿ ಆಶ್ರಯ ಪಡೆದಿದ್ದನ್ನು ಕರಾವಳಿ ಮರೆತಿಲ್ಲ.

ಪೂರ್ವದ ಚಂಡಮಾರುತಕ್ಕೆ ಕರ್ನಾಟಕ ಏಕೆ ಹೆದರಬೇಕು?

ಚಂಡಮಾರುತ ನೆಲಕ್ಕೆ ಬಂದ ಕೂಡಲೇ ಅದರ ಗಾಳಿಯ ಬಲ ಕುಗ್ಗುತ್ತದೆ, ಏಕೆಂದರೆ ಬೆಚ್ಚಗಿನ ನೀರಿನ ಪೂರೈಕೆ ನಿಂತುಹೋಗುತ್ತದೆ. ಆದರೆ ಮಳೆ ಹಾಗೆ ನಿಲ್ಲುವುದಿಲ್ಲ. ಕಡಲಿನಿಂದ ಹೊತ್ತು ತಂದ ತೇವಾಂಶವನ್ನು ಅದು ನೂರಾರು ಕಿ.ಮೀ. ಒಳನಾಡಿಗೆ ಒಯ್ಯುತ್ತದೆ.

ಇದಕ್ಕೆ ಹೈದರಾಬಾದ್‌ಗಿಂತ ದೊಡ್ಡ ಉದಾಹರಣೆ ಬೇಡ. 2020ರ ಅಕ್ಟೋಬರ್ 13ರ ಬೆಳಗ್ಗೆ ಕಾಕಿನಾಡ ಬಳಿ ದಡ ಸೇರಿದ್ದು ಚಂಡಮಾರುತವೂ ಅಲ್ಲ, ಬರೀ ತೀವ್ರ ವಾಯುಭಾರ ಕುಸಿತ. ಅದಕ್ಕೆ ಹೆಸರೂ ಇರಲಿಲ್ಲ. ಆದರೆ ಅದೇ ರಾತ್ರಿ ಹೈದರಾಬಾದ್ ಮುಳುಗಿತು. ಬೇಗಂಪೇಟೆಯಲ್ಲಿ 24 ಗಂಟೆಗಳಲ್ಲಿ 19 ಸೆಂ.ಮೀ. ಮಳೆ ಸುರಿದು, 1903ರಿಂದ ಇದ್ದ ಅಕ್ಟೋಬರ್ ತಿಂಗಳ ದಾಖಲೆ ಮುರಿಯಿತು. ಹೊರವಲಯದ ಘಟಕೇಸರ್ ಭಾಗದಲ್ಲಿ 30 ಸೆಂ.ಮೀ. ದಾಟಿತು. ಪಲ್ಲೆ ಚೆರುವು, ನಂತರ ಗುರ್ರಂ ಚೆರುವು ಕೆರೆಗಳ ಏರಿ ಒಡೆದು ಹಳೆ ನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಹತ್ತಾರು ಜನ ಪ್ರಾಣ ಕಳೆದುಕೊಂಡರು.

ಆ ಕುಸಿತ ಅಲ್ಲಿಗೇ ಮುಗಿಯಲಿಲ್ಲ. ಅದು ಪಶ್ಚಿಮಕ್ಕೆ ಸರಿದು ಕಲಬುರಗಿ, ವಿಜಯಪುರ, ಯಾದಗಿರಿ ಭಾಗದಲ್ಲಿ ಮಳೆ ಸುರಿಸಿತು. ಮಹಾರಾಷ್ಟ್ರದಲ್ಲೂ ಮಳೆ ಹೆಚ್ಚಾಗಿ ಉಜನಿ ಜಲಾಶಯದಿಂದ ನೀರು ಹೊರಬಂದಾಗ ಭೀಮಾ ನದಿ ಉಕ್ಕಿ ಹರಿಯಿತು. ತೊಗರಿ, ಹತ್ತಿ, ಕಬ್ಬಿನ ಹೊಲಗಳು ನೀರಿನಲ್ಲಿ ನಿಂತವು. ಕಾಕಿನಾಡದ ಕಡಲಿನಲ್ಲಿ ಎದ್ದ ಸುಳಿಯ ನಷ್ಟವನ್ನು ಅಫಜಲಪುರದ ರೈತರೂ ಭರಿಸಬೇಕಾಯಿತು.

2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ್ದೂ ಇದೇ ಕಥೆ. ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ಮೈಲಂನಲ್ಲಿ ಒಂದೇ ದಿನ 50 ಸೆಂ.ಮೀ. ಆಸುಪಾಸು ಮಳೆ ಬಿತ್ತು. ಬಳಿಕ ಅದರ ಉಳಿಕೆ ಪರ್ಯಾಯ ದ್ವೀಪವನ್ನು ಹಾದು ಡಿಸೆಂಬರ್ 3ರ ಹೊತ್ತಿಗೆ ಕೇರಳ–ಕರ್ನಾಟಕ ತೀರದಿಂದ ಅರಬ್ಬಿ ಸಮುದ್ರಕ್ಕೆ ಇಳಿಯಿತು. ದಾರಿಯಲ್ಲಿ ಬೆಂಗಳೂರಿಗೆ ಜಡಿಮಳೆ, ಕೊಡಗಿಗೆ ಭಾರಿ ಮಳೆ, ದಕ್ಷಿಣ ಕನ್ನಡದಲ್ಲಿ ಶಾಲೆಗಳಿಗೆ ರಜೆ. ಅಂಗಳದಲ್ಲಿ ಒಣಗಲು ಹಾಕಿದ ಕಾಫಿ, ಅಡಿಕೆ, ಕೊಯ್ದಿಟ್ಟ ರಾಗಿ ತೆನೆಗಳಿಗೆ ಡಿಸೆಂಬರ್ ಮಳೆಗಿಂತ ದೊಡ್ಡ ಶತ್ರು ಇಲ್ಲ.

ಇನ್ನೊಂದು ಅಪಾಯವೂ ಇದೆ. ಹೀಗೆ ನೆಲ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿದ ಸುಳಿಗೆ ಅಲ್ಲಿ ಮತ್ತೆ ಬೆಚ್ಚಗಿನ ನೀರು ಸಿಗುತ್ತದೆ. 2018ರ ನವೆಂಬರ್‌ನಲ್ಲಿ ತಮಿಳುನಾಡಿನ ವೇದಾರಣ್ಯಂ ಬಳಿ ದಡ ಸೇರಿದ ಗಜ ಚಂಡಮಾರುತ ಹೀಗೆಯೇ ಪಶ್ಚಿಮ ಕರಾವಳಿಯಾಚೆಗೆ ದಾಟಿತ್ತು. 'ಚಂಡಮಾರುತ ಚೆನ್ನೈ ಕಡೆಗಂತೆ' ಎಂದು ಮಲ್ಪೆಯಲ್ಲಿ ನಿಶ್ಚಿಂತೆಯಿಂದ ಕೂರುವಂತಿಲ್ಲ.

ಹೈದರಾಬಾದ್ ಕಲಿತ ಹಳೆಯ ಪಾಠ

ಕಡಲಿಲ್ಲದ ಈ ನಗರಕ್ಕೂ ಕಡಲಿನ ಬಿರುಗಾಳಿಗೂ ಇರುವ ನಂಟು ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಬಂಗಾಳಕೊಲ್ಲಿಯಿಂದ ಒಳನಾಡಿಗೆ ಬಂದ ಬಿರುಗಾಳಿ ಮಳೆಯೇ ಅದಕ್ಕೆ ಕಾರಣವಾಗಿತ್ತು. ನಿಜಾಮರ ಸರ್ಕಾರ ಪರಿಹಾರ ಸೂಚಿಸಲು ಕರೆಸಿದ್ದು ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರನ್ನು. 1909ರಲ್ಲಿ ಹೈದರಾಬಾದ್‌ಗೆ ಬಂದ ಅವರು, ನಗರದ ಮೇಲ್ಭಾಗದಲ್ಲೇ ಪ್ರವಾಹದ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ್, 1927ರಲ್ಲಿ ಹಿಮಾಯತ್ ಸಾಗರ್ ಸಿದ್ಧವಾದವು. 2020ರಲ್ಲಿ ಹಿಮಾಯತ್ ಸಾಗರದ ಗೇಟ್‌ಗಳನ್ನು ತೆರೆದಾಗ ಒಂದು ಶತಮಾನದ ಹಿಂದಿನ ಆ ಯೋಜನೆ ಮತ್ತೆ ಸುದ್ದಿಗೆ ಬಂತು.

ಯಾವ ಎಚ್ಚರಿಕೆ ಯಾರದ್ದು?

ಓದುಗರಿಗೆ ಗೊಂದಲವಾಗುವುದು ಇಲ್ಲೇ. ಗಾಳಿ ಮತ್ತು ಮಳೆಯ ಮುನ್ಸೂಚನೆ ಭಾರತೀಯ ಹವಾಮಾನ ಇಲಾಖೆಯ ಕೆಲಸ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳನ್ನು ಗುರುತಿಸಿ ಹೆಸರಿಡುವುದು ಇಲಾಖೆಯ ದೆಹಲಿ ಕೇಂದ್ರ. 13 ದೇಶಗಳು ತಲಾ 13ರಂತೆ ಕೊಟ್ಟ 169 ಹೆಸರುಗಳ ಪಟ್ಟಿ 2020ರಲ್ಲಿ ಬಿಡುಗಡೆಯಾಯಿತು. ಫೆಂಗಲ್ ಸೌದಿ ಅರೇಬಿಯಾ ಕೊಟ್ಟ ಹೆಸರು, ಮಿಚಾಂಗ್ ಮ್ಯಾನ್ಮಾರ್ ಕೊಟ್ಟದ್ದು.

ಕಡಲಿನ ಸ್ಥಿತಿ, ಅಂದರೆ ಅಲೆಯ ಎತ್ತರ, ನೀರಿನ ಸೆಳೆತ, ಚಂಡಮಾರುತ ದಡಕ್ಕೆ ದೂಡುವ ನೀರಿನ ಉಬ್ಬರ, ಇವುಗಳ ಮುನ್ಸೂಚನೆ ಹೈದರಾಬಾದ್‌ನ ಇನ್‌ಕಾಯಿಸ್ ಕೆಲಸ. 1999ರಲ್ಲಿ ಆರಂಭವಾದ ಈ ಕೇಂದ್ರ ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ, 2007ರ ಅಕ್ಟೋಬರ್‌ನಲ್ಲಿ ಇಲ್ಲಿಯೇ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಶುರುವಾಯಿತು. ಆಸ್ಟ್ರೇಲಿಯಾ, ಇಂಡೋನೇಷ್ಯಾ ಜತೆಗೆ ಹಿಂದೂ ಮಹಾಸಾಗರದ ದೇಶಗಳಿಗೆಲ್ಲ ಸುನಾಮಿ ಸೂಚನೆ ಕೊಡುವ ಮೂರು ಕೇಂದ್ರಗಳಲ್ಲಿ ಇದೂ ಒಂದು.

ಕಡಲಲ್ಲಿ ತೇಲುವ ಮಾಪಕಗಳು, ಆಳಕ್ಕೆ ಮುಳುಗಿ ಮೇಲೆ ಬರುವ ಆರ್ಗೋ ಯಂತ್ರಗಳು, ಇಸ್ರೊದ ಇನ್ಸಾಟ್ ಹಾಗೂ ಓಷನ್‌ಸ್ಯಾಟ್ ಉಪಗ್ರಹಗಳು, ದಡದ ಡಾಪ್ಲರ್ ರಾಡಾರ್‌ಗಳು ಕಳಿಸುವ ಅಂಕಿಅಂಶ ಕಂಪ್ಯೂಟರ್ ಮಾದರಿಗಳಿಗೆ ಹೋಗುತ್ತದೆ. ಚಂಡಮಾರುತ ಎದ್ದಾಗ ಇಲಾಖೆ ಮತ್ತು ಇನ್‌ಕಾಯಿಸ್ ಜಂಟಿ ಪ್ರಕಟಣೆ ಹೊರಡಿಸುತ್ತವೆ. ಅದು ಜಿಲ್ಲಾಡಳಿತ, ಬಂದರು, ಕೋಸ್ಟ್‌ಗಾರ್ಡ್, ಮೀನುಗಾರಿಕೆ ಇಲಾಖೆಗಳಿಗೆ ಹೋಗುತ್ತದೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದನ್ನು ತಾಲ್ಲೂಕು ಮಟ್ಟಕ್ಕೆ ತಲುಪಿಸುತ್ತದೆ.

'ವಾಯುಭಾರ ಕುಸಿತ'ದಿಂದ 'ಚಂಡಮಾರುತ'ದವರೆಗೆ

ಸುದ್ದಿಯಲ್ಲಿ ಎಲ್ಲವನ್ನೂ 'ವಾಯುಭಾರ ಕುಸಿತ' ಎಂದೇ ಕರೆಯುವುದು ರೂಢಿ. ಇಲಾಖೆಯ ಲೆಕ್ಕದಲ್ಲಿ ಮಾತ್ರ ಮೆಟ್ಟಿಲುಗಳಿವೆ. ಗಾಳಿಯ ವೇಗ ಗಂಟೆಗೆ 31 ಕಿ.ಮೀ.ಗಿಂತ ಕಡಿಮೆ ಇದ್ದರೆ ಅದು ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಕಿ.ಮೀ. ಇದ್ದರೆ ವಾಯುಭಾರ ಕುಸಿತ. 50ರಿಂದ 61 ಕಿ.ಮೀ. ತೀವ್ರ ವಾಯುಭಾರ ಕುಸಿತ. 62 ಕಿ.ಮೀ. ಮುಟ್ಟಿದ ಮೇಲೆ ಮಾತ್ರ ಅದು ಚಂಡಮಾರುತ, ಆಗಲೇ ಅದಕ್ಕೆ ಹೆಸರು. 89 ಕಿ.ಮೀ. ದಾಟಿದರೆ ತೀವ್ರ ಚಂಡಮಾರುತ, 118 ದಾಟಿದರೆ ಅತಿ ತೀವ್ರ.

ಈ ಮೆಟ್ಟಿಲುಗಳು ಗಾಳಿಯ ವೇಗವನ್ನಷ್ಟೇ ಹೇಳುತ್ತವೆ, ಮಳೆಯ ಪ್ರಮಾಣವನ್ನಲ್ಲ. 2020ರಲ್ಲಿ ಹೈದರಾಬಾದ್‌ನ್ನು ಮುಳುಗಿಸಿದ್ದು ಹೆಸರಿಲ್ಲದ ಕುಸಿತ ಎಂಬುದನ್ನು ನೆನಪಿಟ್ಟರೆ, 'ಚಂಡಮಾರುತ ದುರ್ಬಲಗೊಂಡಿದೆ' ಎಂಬ ಸುದ್ದಿ ಕೇಳಿ ಸಮಾಧಾನಪಡುವಂತಿಲ್ಲ ಎಂಬುದು ಅರ್ಥವಾಗುತ್ತದೆ.

ನಾಲ್ಕು ಹಂತ, ನಾಲ್ಕು ಬಣ್ಣ

ಚಂಡಮಾರುತದ ಎಚ್ಚರಿಕೆ ನಾಲ್ಕು ಹಂತಗಳಲ್ಲಿ ಬರುತ್ತದೆ. ಮೊದಲನೆಯದು ಸುಮಾರು 72 ಗಂಟೆ ಮುಂಚಿನ ಪೂರ್ವ ಸೂಚನೆ. ಎರಡನೆಯದು ಕೆಟ್ಟ ಹವಾಮಾನ ಶುರುವಾಗುವ ಕನಿಷ್ಠ 48 ಗಂಟೆ ಮೊದಲು ಬರುವ ಅಲರ್ಟ್. ಇದರ ಬಣ್ಣ ಹಳದಿ. ಮೂರನೆಯದು 24 ಗಂಟೆ ಮೊದಲಿನ ವಾರ್ನಿಂಗ್, ಬಣ್ಣ ಕಿತ್ತಳೆ. ನಾಲ್ಕನೆಯದು ದಡ ಸೇರುವ 12 ಗಂಟೆ ಮೊದಲು ಹೊರಡುವ, ನೆಲಕ್ಕೆ ಬಂದ ಮೇಲೆ ಒಳನಾಡಿನಲ್ಲಿ ಏನಾಗಬಹುದೆಂದು ಹೇಳುವ ಸೂಚನೆ, ಬಣ್ಣ ಕೆಂಪು.

ದಿನನಿತ್ಯದ ಮಳೆ ಸುದ್ದಿಯಲ್ಲಿ ಬರುವ ಬಣ್ಣಗಳ ಅರ್ಥ ಹೀಗಿದೆ. ಹಸಿರು ಎಂದರೆ ಏನೂ ಮಾಡಬೇಕಿಲ್ಲ. ಹಳದಿ ಎಂದರೆ ಗಮನವಿರಲಿ, ಹೊಸ ಸೂಚನೆ ನೋಡುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಬಣ್ಣ ನಿರ್ಧಾರವಾಗುವುದು ಮಳೆಯ ಪ್ರಮಾಣದಿಂದ ಮಾತ್ರವಲ್ಲ. ಅದರಿಂದ ಆಗಬಹುದಾದ ಪರಿಣಾಮ ಮತ್ತು ಅದು ಸಂಭವಿಸುವ ಸಾಧ್ಯತೆ ಎರಡನ್ನೂ ಲೆಕ್ಕ ಹಾಕಲಾಗುತ್ತದೆ.

ಮಳೆಯ ಮಾತಿಗೂ ಅಳತೆ ಇದೆ. 24 ಗಂಟೆಗಳಲ್ಲಿ ಸುಮಾರು 6.5 ಸೆಂ.ಮೀ. ದಾಟಿದರೆ 'ಭಾರಿ ಮಳೆ', 11.5 ಸೆಂ.ಮೀ. ದಾಟಿದರೆ 'ಅತಿ ಭಾರಿ', 20.4 ಸೆಂ.ಮೀ. ದಾಟಿದರೆ 'ಅತ್ಯಂತ ಭಾರಿ'. ಈ 24 ಗಂಟೆ ಲೆಕ್ಕ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. 'ಒಂದೆರಡು ಕಡೆ ಭಾರಿ ಮಳೆ' ಎಂದರೆ ಆ ಪ್ರದೇಶದ ಕಾಲು ಭಾಗದಷ್ಟು ಮಳೆ ಮಾಪನ ಕೇಂದ್ರಗಳೊಳಗೆ ಮಾತ್ರ ಅದು ಆಗಬಹುದು ಎಂದರ್ಥ. ಒಂದು ಊರಿನಲ್ಲಿ ಹನಿ ಬೀಳದೆ ಪಕ್ಕದ ಊರು ತೊಯ್ದರೆ ಮುನ್ಸೂಚನೆ ಸುಳ್ಳಾಯಿತು ಎನ್ನಲಾಗದು.

ಅಲೆಯ ಎಚ್ಚರಿಕೆಯನ್ನು ಹೀಗೆ ಓದಿ

ಇನ್‌ಕಾಯಿಸ್‌ನ ಅಲೆ ಎಚ್ಚರಿಕೆ ಜಿಲ್ಲೆಯ ಲೆಕ್ಕದಲ್ಲಿ ಬರುತ್ತದೆ. ಉತ್ತರ ಕನ್ನಡಕ್ಕೆ ಮಜಾಳಿಯಿಂದ ಭಟ್ಕಳದವರೆಗೆ, ಉಡುಪಿಗೆ ಬೈಂದೂರಿನಿಂದ ಕಾಪುವರೆಗೆ, ದಕ್ಷಿಣ ಕನ್ನಡಕ್ಕೆ ಮೂಲ್ಕಿಯಿಂದ ದಕ್ಷಿಣಕ್ಕೆ. ಸಂಜೆ 5.30ರಿಂದ ಮರುದಿನ ರಾತ್ರಿ 11.30ರವರೆಗೆ ಎಂಬಂಥ ಸಮಯವೂ ಇರುತ್ತದೆ. ಯಾವಾಗಲೂ ಈ ಅರ್ಧ ಗಂಟೆ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಹವಾಮಾನದ ಲೆಕ್ಕಾಚಾರ ಜಗತ್ತಿನೆಲ್ಲೆಡೆ ಗ್ರೀನ್‌ವಿಚ್ ಸಮಯದಂತೆ ಆರು ಗಂಟೆಗೊಮ್ಮೆ ನಡೆಯುತ್ತದೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಇಲ್ಲಿ ಅದು 5.30, 11.30 ಆಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಅಲೆಯ ಎತ್ತರದ ಅಂಕಿ. '3 ಮೀಟರ್ ಅಲೆ' ಎಂದರೆ ಅತಿ ದೊಡ್ಡ ಅಲೆ 3 ಮೀಟರ್ ಎಂದಲ್ಲ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಅವುಗಳ ಸರಾಸರಿ ಹಾಕಿದರೆ ಸಿಗುವ ಎತ್ತರ ಅದು. ಹಾಗಾಗಿ ನಡುನಡುವೆ ಒಂದೊಂದು ಅಲೆ ಅದರ ಎರಡು ಪಟ್ಟಿನ ಹತ್ತಿರಕ್ಕೂ ಏಳಬಹುದು. ಅಳಿವೆ ಬಾಗಿಲಲ್ಲಿ ನಾಡದೋಣಿಯನ್ನು ಮಗುಚುವುದು ಸಾಮಾನ್ಯವಾಗಿ ಇಂಥ ಒಂಟಿ ಅಲೆಯೇ. ನದಿಯ ಹರಿವು ಹೊರಕ್ಕೆ, ಕಡಲ ಅಲೆ ಒಳಕ್ಕೆ ಬಂದು ಸೇರುವ ಜಾಗದಲ್ಲಿ ಅಲೆ ಇನ್ನಷ್ಟು ಕಡಿದಾಗುತ್ತದೆ.

ಗಾಳಿಯೇ ಇಲ್ಲದ ದಿನದ 'ಕಳ್ಳ ಕಡಲು'

ಆಕಾಶ ತಿಳಿಯಾಗಿದ್ದು, ಗಾಳಿಯೂ ಇಲ್ಲದಿದ್ದರೂ ಕಡಲು ಇದ್ದಕ್ಕಿದ್ದಂತೆ ದಡದ ಮನೆಗಳಿಗೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ, ಅಂದರೆ ಕಳ್ಳನಂತೆ ಬರುವ ಕಡಲು. ಈ ಮಲಯಾಳಂ ಪದವನ್ನೇ 2012ರಲ್ಲಿ ಯುನೆಸ್ಕೊ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು.

ಇದರ ಮೂಲ ಸಾವಿರಾರು ಕಿ.ಮೀ. ದಕ್ಷಿಣದಲ್ಲಿ, ಅಂಟಾರ್ಕ್ಟಿಕಾ ಕಡೆಯ ಕಡಲಿನಲ್ಲಿ ಏಳುವ ಬಿರುಗಾಳಿ. ಅಲ್ಲಿ ಎದ್ದ ಉದ್ದನೆಯ ಅಲೆಗಳು ಬಲ ಕಳೆದುಕೊಳ್ಳದೆ ಉತ್ತರಕ್ಕೆ ಸಾಗಿ ಮೂರರಿಂದ ಐದು ದಿನಗಳಲ್ಲಿ ಭಾರತದ ತೀರ ಮುಟ್ಟುತ್ತವೆ. ಆಳ ಸಮುದ್ರದಲ್ಲಿ ಅವು ಕಣ್ಣಿಗೆ ಬೀಳುವುದೇ ಇಲ್ಲ, ದಡದ ಬಳಿ ನೀರು ತೆಳುವಾದಾಗ ಮೈ ಎತ್ತುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದ ಜತೆ ಸೇರಿಕೊಂಡರೆ ಹಾನಿ ಹೆಚ್ಚು. ಇದನ್ನು ಮುಂಚೆಯೇ ಗುರುತಿಸಲು ಇನ್‌ಕಾಯಿಸ್ 2020ರಲ್ಲಿ ಪ್ರತ್ಯೇಕ ವ್ಯವಸ್ಥೆ ಆರಂಭಿಸಿತು. ಮಾರ್ಚ್‌ನಿಂದ ಮೇ ವರೆಗೆ ಇದರ ಕಾಟ ಹೆಚ್ಚಾದರೂ, 2025ರ ಜನವರಿ ಮಧ್ಯದಲ್ಲೂ ಕೇರಳ, ತಮಿಳುನಾಡು ತೀರಗಳಿಗೆ ಇಂಥ ಎಚ್ಚರಿಕೆ ಹೋಗಿತ್ತು. ಕಡಲ್ಕೊರೆತದಿಂದ ಈಗಾಗಲೇ ನಲುಗಿರುವ ಉಳ್ಳಾಲ, ಸೋಮೇಶ್ವರದಂಥ ತೀರಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗುತ್ತದೆ.

ಒಖಿ ಕಲಿಸಿದ ಪಾಠ: ಸೂಚನೆ ಬೋಟ್‌ಗೆ ತಲುಪಬೇಕು

2017ರ ನವೆಂಬರ್ 29ರಂದು ಕನ್ಯಾಕುಮಾರಿ ದಕ್ಷಿಣಕ್ಕಿದ್ದ ವಾಯುಭಾರ ಕುಸಿತ ಮರುದಿನ ಬೆಳಗಾಗುವಷ್ಟರಲ್ಲಿ ಒಖಿ ಚಂಡಮಾರುತವಾಗಿತ್ತು. ಅಷ್ಟರಲ್ಲಿ ಕೇರಳ, ತಮಿಳುನಾಡಿನ ನೂರಾರು ದೋಣಿಗಳು ಕಡಲಲ್ಲಿದ್ದವು. ಮೊಬೈಲ್ ಸಿಗ್ನಲ್ ದಡದಿಂದ ಹತ್ತಿಪ್ಪತ್ತು ಕಿ.ಮೀ. ದಾಟಿದರೆ ಸಿಗುವುದು ಕಷ್ಟ. ವೈರ್‌ಲೆಸ್‌ಗೂ ಮಿತಿ ಇದೆ. ನೂರಾರು ಮೀನುಗಾರರು ಸತ್ತರು ಅಥವಾ ಮರಳಿ ಬರಲೇ ಇಲ್ಲ. ಮುನ್ಸೂಚನೆ ಎಷ್ಟೇ ಚೆನ್ನಾಗಿದ್ದರೂ ಕಡಲಿನಲ್ಲಿರುವವರಿಗೆ ತಲುಪದಿದ್ದರೆ ಅದಕ್ಕೆ ಬೆಲೆಯಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಅದಕ್ಕೆ ಉತ್ತರವಾಗಿ 2019ರ ಅಕ್ಟೋಬರ್‌ನಲ್ಲಿ ಬಂದದ್ದು 'ಜೆಮಿನಿ' ಸಾಧನ. ಗಗನ್ ಉಪಗ್ರಹ ವ್ಯವಸ್ಥೆಯ ಮೂಲಕ ಇನ್‌ಕಾಯಿಸ್‌ನ ಸಂದೇಶ ನೇರವಾಗಿ ಈ ಪುಟ್ಟ ಪೆಟ್ಟಿಗೆಗೆ ಬಂದು, ಬ್ಲೂಟೂತ್ ಮೂಲಕ ಮೀನುಗಾರರ ಮೊಬೈಲ್‌ನಲ್ಲಿ ಅವರ ಭಾಷೆಯಲ್ಲೇ ಕಾಣಿಸುತ್ತದೆ. ಬೆಂಗಳೂರಿನ ಅಕಾರ್ಡ್ ಕಂಪನಿ ಇದನ್ನು ತಯಾರಿಸಿತು. ಇದರ ಕೊರತೆ ಎಂದರೆ ಮಾತು ಒಂದೇ ದಿಕ್ಕಿನದು. ದಡದ ಮಾತು ಬೋಟ್‌ಗೆ ಕೇಳುತ್ತದೆ, ಬೋಟ್‌ನ ಕೂಗು ದಡಕ್ಕೆ ಕೇಳುವುದಿಲ್ಲ. ಮುಂದೆ ಇಸ್ರೊದ ನ್ಯಾವಿಕ್ ಮತ್ತು ಇತರ ಉಪಗ್ರಹ ಆಧಾರಿತ ಸಾಧನಗಳು ಈ ಕೊರತೆ ತುಂಬುವ ದಿಕ್ಕಿನಲ್ಲಿ ಬಂದಿವೆ.

ಒಂದು ಮಾತು ಮಾತ್ರ ಸಾಧನದಿಂದ ಬಗೆಹರಿಯುವಂಥದ್ದಲ್ಲ. ಮಲ್ಪೆ, ಮಂಗಳೂರಿನ ಆಳ ಸಮುದ್ರ ಬೋಟ್ ಒಮ್ಮೆ ಹೊರಟರೆ ಹತ್ತು ದಿನಗಳ ಆಸುಪಾಸು ಕಡಲಲ್ಲೇ ಇರುತ್ತದೆ. ಡೀಸೆಲ್, ಮಂಜುಗಡ್ಡೆ, ದಿನಸಿ ತುಂಬಿಕೊಂಡು ಹೊರಟ ಬೋಟ್ ಅರ್ಧದಲ್ಲೇ ವಾಪಸಾದರೆ ಮಾಲೀಕರಿಗೆ ನಷ್ಟ, ಕಲಾಸಿಗಳಿಗೆ ಪಾಲಿಲ್ಲ. ಎಚ್ಚರಿಕೆ ಬಂದು ತೂಫಾನ್ ಬಾರದಿದ್ದರೆ, ಮುಂದಿನ ಎಚ್ಚರಿಕೆಗೆ ಕಿವಿಗೊಡುವವರು ಕಡಿಮೆಯಾಗುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಚಂಡಮಾರುತದ ಜಾಗವನ್ನು 24 ಗಂಟೆ ಮೊದಲು ಹೇಳುವಾಗ ಆಗುವ ಸರಾಸರಿ ವ್ಯತ್ಯಾಸ 75ರಿಂದ 80 ಕಿ.ಮೀ. ಆಸುಪಾಸಿಗೆ ಇಳಿದಿದೆ. ಇದು ದೊಡ್ಡ ಸುಧಾರಣೆ. ಆದರೂ ಇದು ಮಂಗಳೂರು–ಉಡುಪಿ ನಡುವಿನ ದೂರಕ್ಕಿಂತ ಹೆಚ್ಚು. ಹೀಗಾಗಿ ನಕ್ಷೆಯಲ್ಲಿ ಚಂಡಮಾರುತದ ದಾರಿಯನ್ನು ಒಂದು ಗೆರೆಯಾಗಿ ನೋಡದೆ, ಅದರ ಸುತ್ತ ಬಿಡಿಸಿದ ಅಗಲವಾದ ಶಂಕುವನ್ನು ಪೂರ್ತಿಯಾಗಿ ನೋಡಬೇಕು. ಆ ಶಂಕುವಿನೊಳಗೆ ಎಲ್ಲಿ ಬೇಕಾದರೂ ಹೊಡೆತ ಬೀಳಬಹುದು.

ನಂಬಿ ನಡೆದರೆ ಫಲ ಏನೆಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಅಕ್ಟೋಬರ್ ಕೊನೆಯ ಸೂಪರ್ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. 2013ರ ಅಕ್ಟೋಬರ್‌ನಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮುಂಚೆಯೇ ಸ್ಥಳಾಂತರಿಸಲಾಯಿತು, ಸಾವಿನ ಸಂಖ್ಯೆ ಹತ್ತಾರರೊಳಗೆ ನಿಂತಿತು.

ಬಂದರಿನ ಕಂಬದ ಮೇಲಿನ ಸಂಖ್ಯೆ

'ಬಂದರಿನಲ್ಲಿ 3ನೇ ನಂಬರ್ ಸಿಗ್ನಲ್ ಏರಿಸಲಾಗಿದೆ' ಎಂಬ ಸುದ್ದಿಗೂ ಅರ್ಥವಿದೆ. ಒಟ್ಟು 11 ಸಂಕೇತಗಳಿವೆ. 1 ಮತ್ತು 2 ದೂರದ ಕಡಲಿನಲ್ಲಿ ಅಪಾಯ ಇದೆ ಎನ್ನುತ್ತವೆ. 3 ಮತ್ತು 4 ಬಂದರಿಗೇ ಕೆಟ್ಟ ಹವಾಮಾನದ ಭೀತಿ ಇದೆ ಎನ್ನುತ್ತವೆ. 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. 11 ಎಂದರೆ ಹವಾಮಾನ ಕೇಂದ್ರದೊಂದಿಗೆ ಸಂಪರ್ಕವೇ ಕಡಿದುಹೋಗಿದೆ ಎಂದರ್ಥ.

ಎಚ್ಚರಿಕೆ ಬಂದರೆ ಏನು ಮಾಡಬೇಕು?

ಮೀನುಗಾರರು: ಹೊರಡುವ ಮುನ್ನ ಮುಂದಿನ ಐದು ದಿನಗಳ ಸೂಚನೆ ನೋಡಬೇಕು. ಇನ್‌ಕಾಯಿಸ್‌ನ 'ಸಮುದ್ರ' ಆ್ಯಪ್ ಹಾಗೂ ಮೀನುಗಾರಿಕೆ ಇಲಾಖೆಯ ಪ್ರಕಟಣೆಯಲ್ಲಿ ಇದು ಸಿಗುತ್ತದೆ. ಕಡಲಲ್ಲಿರುವವರು ತಮ್ಮ ಊರಿನ ಬಂದರಿಗೇ ಮರಳಬೇಕೆಂದು ಹಟ ಹಿಡಿಯದೆ ಹತ್ತಿರದ ಬಂದರು ಸೇರಬೇಕು. ಜೀವರಕ್ಷಕ ಜಾಕೆಟ್ ಬೋಟ್‌ನ ಮೂಲೆಯಲ್ಲಲ್ಲ, ಮೈಮೇಲಿರಬೇಕು. ಲಂಗರು ಹಾಕಿದ ದೋಣಿಗಳು ಒಂದಕ್ಕೊಂದು ಬಡಿಯದಂತೆ ನಡುವೆ ಅಂತರವಿರಲಿ.

ಪ್ರವಾಸಿಗರು: ಅಲೆ ಎಚ್ಚರಿಕೆ ಇರುವ ದಿನ ಮೊಣಕಾಲುದ್ದ ನೀರಿಗೂ ಇಳಿಯಬಾರದು, ಬಂಡೆಗಳ ಮೇಲೆ ನಿಂತು ಸೆಲ್ಫಿ ತೆಗೆಯಬಾರದು. ಎಚ್ಚರಿಕೆ ಇಲ್ಲದ ದಿನವೂ ಜೀವರಕ್ಷಕ ಸಿಬ್ಬಂದಿಯ ಮಾತು ಮೀರಬಾರದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದನ್ನು ಪ್ರವಾಸ ಆಯೋಜಿಸುವ ಶಿಕ್ಷಕರು ನೆನಪಿಡಬೇಕು.

ರೈತರು: ಬಂಗಾಳಕೊಲ್ಲಿಯಲ್ಲಿ ಕುಸಿತ ಎದ್ದ ಸುದ್ದಿ ಬಂದ ದಿನವೇ ಕೊಯ್ಲಿನ ದಿನ ಮರುಯೋಚಿಸುವುದು ಒಳ್ಳೆಯದು. ಕೊಯ್ದಾಗಿದ್ದರೆ ತಾಡಪತ್ರಿ ಸಿದ್ಧವಿರಲಿ, ಹೊಲದಿಂದ ನೀರು ಹೊರಹೋಗುವ ಬಸಿಗಾಲುವೆ ತೆರೆದಿರಲಿ. ಔಷಧ ಸಿಂಪಡಣೆ, ಗೊಬ್ಬರ ಹಾಕುವುದನ್ನು ಮುಂದೂಡಿ.

ನಗರವಾಸಿಗಳು: ಕೆರೆಯ ಕೆಳಭಾಗದ, ರಾಜಕಾಲುವೆ ಪಕ್ಕದ ಮನೆಗಳವರು ಕೆಂಪು ಅಲರ್ಟ್ ಬಂದರೆ ರಾತ್ರಿಯಾಗುವ ಮುನ್ನವೇ ಎತ್ತರದ ಜಾಗಕ್ಕೆ ಹೋಗಬೇಕು. ಹರಿಯುವ ನೀರಿನಲ್ಲಿ ವಾಹನ ಇಳಿಸಬಾರದು, ನೆಲಮಾಳಿಗೆಯ ವಿದ್ಯುತ್ ಸ್ವಿಚ್ ಮುಟ್ಟಬಾರದು. ಚಂಡಮಾರುತದ ಕಣ್ಣು ಹಾದುಹೋಗುವಾಗ ಗಾಳಿ ಒಮ್ಮೆಲೇ ನಿಲ್ಲುತ್ತದೆ. ಅದು ಮುಗಿದ ಸೂಚನೆಯಲ್ಲ, ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ.

ಮೊಬೈಲ್ ಜೋರಾಗಿ ಬೀಪ್ ಸದ್ದು ಮಾಡಿ ತುರ್ತು ಸಂದೇಶ ತೋರಿಸಿದರೆ ಗಾಬರಿಯಾಗಿ ಮುಚ್ಚಿಬಿಡಬೇಡಿ. 2023ರಲ್ಲಿ ಪರೀಕ್ಷೆ ನಡೆಸಿದ ಈ ವ್ಯವಸ್ಥೆಯಲ್ಲಿ ಅಪಾಯದ ವ್ಯಾಪ್ತಿಯಲ್ಲಿರುವ ಮೊಬೈಲ್‌ಗಳಿಗೆ ಮಾತ್ರ ಸಂದೇಶ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಹಳೆಯ ವಿಡಿಯೊ, ದಿನಾಂಕವಿಲ್ಲದ ನಕ್ಷೆಗಳನ್ನು ನಂಬುವ ಬದಲು, ಪ್ರಕಟಣೆಯ ದಿನ, ಗಂಟೆ ಮತ್ತು ಯಾವ ಪ್ರದೇಶಕ್ಕೆ ಎಂಬ ಮೂರು ಸಂಗತಿಗಳನ್ನು ನೋಡಿ. ಚಂಡಮಾರುತದ ಹೊತ್ತಿನಲ್ಲಿ ಮೂರು ಗಂಟೆ ಹಳೆಯದಾದ ಮಾಹಿತಿಯೂ ಹಳೆಯದೇ.

ತುರ್ತು ನೆರವಿಗೆ: ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್‌ಗಾರ್ಡ್ 1554, ಸಾಮಾನ್ಯ ತುರ್ತು ಸೇವೆ 112.